ಕತ್ತರಿಯ ಧರ್ಮ

ದರ್ಜಿ ಬಟ್ಟೆಯನ್ನು ಕತ್ತರಿಸಿದರೆ ಯಾರೂ ಅವನನ್ನು ದೂರುವುದಿಲ್ಲ. ಕತ್ತರಿಸದೆ ಅಂಗಿಯಾಗದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಗಿರಾಕಿಯ ಅಳತೆಯನ್ನು ಬಿಟ್ಟು ತನಗೆ ತೋಚಿದ ಅಳತೆಗೆ ಕತ್ತರಿಸಿದನೋ, ಜಗಳ ತಪ್ಪದು. ಮನುಷ್ಯರ ಮಾತನ್ನು ಕತ್ತರಿಸುವವರಿಗೂ ಇದೇ ನ್ಯಾಯ ಸಲ್ಲುತ್ತದೆಯೆ ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ನನ್ನನ್ನು ಕಾಡುತ್ತಿದೆ.

ಕಾಡುವುದಕ್ಕೆ ಕಾರಣ ನನ್ನ ಉದ್ಯೋಗ. ಪತ್ರಿಕೋದ್ಯಮ ಕಲಿಯುವ ತರುಣ ತರುಣಿಯರಿಗೆ ನಾನು ವಿಡಿಯೊ ವರದಿ ಮಾಡುವುದನ್ನು ಹೇಳಿಕೊಡುತ್ತೇನೆ. ಸಲಕರಣೆ ದೊಡ್ಡದೇನಲ್ಲ: ಜೇಬಿನಲ್ಲಿರುವ ಮೊಬೈಲು, ಕೊರಳಪಟ್ಟಿಗೆ ಸಿಕ್ಕಿಸುವ ಪುಟ್ಟ ಮೈಕು, ಮೂರು ಕಾಲಿನ ಒಂದು ಸ್ಟ್ಯಾಂಡು. ಬೆಳಕು ನಿಮ್ಮ ಬೆನ್ನ ಹಿಂದಿರಲಿ, ಒಂದೊಂದು ದೃಶ್ಯವನ್ನೂ 10 ಸೆಕೆಂಡಾದರೂ ಅಲುಗದೆ ಹಿಡಿಯಿರಿ, ಮಾತನಾಡುವವರ ಮುಖದೊಡನೆ ಅವರ ಕೈಗಳನ್ನೂ ಚಿತ್ರಿಸಿ ತನ್ನಿ ಎಂಬುದು ಮೊದಲ ವಾರದ ಪಾಠ. ಕೈಗಳೇಕೆಂಬುದು ಎಡಿಟಿಂಗ್ ಕಲಿಯುವಾಗ ತಿಳಿಯುತ್ತದೆ. ಒಬ್ಬರ ಮಾತಿನ ನಡುವೆ ನಾಲ್ಕು ವಾಕ್ಯ ತೆಗೆದರೆ ತೆರೆಯ ಮೇಲೆ ಅವರ ಮುಖ ಥಟ್ಟನೆ ಹಾರಿದಂತೆ ಕಾಣುತ್ತದೆ. ಆ ಜಾಗದಲ್ಲಿ ಮೂರು ಸೆಕೆಂಡು ಕೈಗಳ ಚಿತ್ರವನ್ನು ಹೊದಿಸಿದರೆ ಗಾಯ ಮುಚ್ಚಿಹೋಗುತ್ತದೆ. ಮಾತೆಲ್ಲ ಒಂದೇ ಉಸಿರಿನಲ್ಲಿ ಬಂದಂತೆ ಕೇಳುತ್ತದೆ. ಎಂದರೆ, ನಾನು ಚೆನ್ನಾಗಿ ಕಲಿಸಿದಷ್ಟೂ ನನ್ನ ವಿದ್ಯಾರ್ಥಿಗಳು ಚೆನ್ನಾಗಿ ಬಚ್ಚಿಡಬಲ್ಲವರಾಗುತ್ತಾರೆ!

ಒಮ್ಮೆ ಒಬ್ಬ ವಿದ್ಯಾರ್ಥಿನಿ ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂ ಮಾರುವ ಒಬ್ಬಾಕೆಯನ್ನು ಮಾತನಾಡಿಸಿ ತಂದಳು. ಸಣ್ಣ ವ್ಯಾಪಾರಿಗಳ ಕಷ್ಟವೇ ವರದಿಯ ವಿಷಯ. “ಹಬ್ಬದ ಹಿಂದಿನ ದಿನ ಬಿಟ್ಟರೆ ಏನೂ ಗಿಟ್ಟೋದಿಲ್ಲಮ್ಮ, ಸಂಜೆಗೆ ಉಳಿದಿದ್ದೆಲ್ಲ ಕಸ,” ಎಂದು ಆಕೆ ಹೇಳಿದಳು. ಹೂ ಕಟ್ಟುವ ಬೆರಳುಗಳು ಕಾಣಿಸಿದವು, ಚಿತ್ರ ಮುಗಿಯಿತು. ನೋಡಿದವರ ಕಣ್ಣು ಒದ್ದೆಯಾಯಿತು. ಕತ್ತರಿಸದ ಮೂಲವನ್ನೂ ಒಪ್ಪಿಸಬೇಕೆಂಬುದು ನಮ್ಮ ತರಗತಿಯ ಕ್ರಮ. ಅದರಲ್ಲಿ ಆಕೆ ನಕ್ಕು ಮುಂದುವರಿಸಿದ್ದಳು: “ಆದರೂ ಬಿಡೋಕೆ ಮನಸ್ಸಿಲ್ಲ. ನನ್ನ ಮಗಳನ್ನ ಓದಿಸಿದ್ದು ಈ ಹೂವೇ.” ಇದನ್ನೇಕೆ ಬಿಟ್ಟೆಯಮ್ಮ ಎಂದು ಕೇಳಿದೆ. “ಸಾರ್, ನಾನಾಗಿ ಒಂದು ಮಾತೂ ಸೇರಿಸಿಲ್ಲ. ಇರೋದೆಲ್ಲ ಆಕೆಯ ಮಾತೇ. ಸುಳ್ಳು ಎಲ್ಲಿದೆ?” ಎಂದಳು.

ಈ ಪ್ರಶ್ನೆ ಹೊಸದಲ್ಲ. ಕುರುಕ್ಷೇತ್ರದಲ್ಲಿ ಸತ್ತದ್ದು ಅಶ್ವತ್ಥಾಮನೆಂಬ ಆನೆ. ಧರ್ಮರಾಯ ಆಡಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ‘ಆನೆ’ ಎಂಬ ಮಾತು ಮಾತ್ರ ದ್ರೋಣನಿಗೆ ಕೇಳಿಸಲಿಲ್ಲ. ಶಂಖದ ಧ್ವನಿ ಅದನ್ನು ನುಂಗಿತೆಂದು ಕಥೆ ಹೇಳುವವರು ಹೇಳುತ್ತಾರೆ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಅಂದು ನೆಲಕ್ಕಿಳಿಯಿತಂತೆ. ಮೋಸಕ್ಕೆ ಸುಳ್ಳು ಮಾತೇ ಬೇಕೆಂದಿಲ್ಲ; ನಿಜವಾದ ಮಾತುಗಳಲ್ಲಿ ಒಂದನ್ನು ಕೇಳಿಸದಂತೆ ಮಾಡಿದರೆ ಸಾಕು.

ಹಾಗಾದರೆ ಏನನ್ನೂ ಕತ್ತರಿಸದಿರುವುದೇ ಸತ್ಯವೆ? ಕೆಲವೊಮ್ಮೆ ಹೌದು. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡನ ಕೊರಳನ್ನು ಪೊಲೀಸನೊಬ್ಬ ಮೊಣಕಾಲಿನಿಂದ ಅದುಮಿದ್ದನ್ನು 17 ವರ್ಷದ ಹುಡುಗಿಯೊಬ್ಬಳು ತನ್ನ ಮೊಬೈಲಿನಲ್ಲಿ ಸುಮಾರು 10 ನಿಮಿಷ ಚಿತ್ರಿಸಿದಳು. ಅದಕ್ಕಾಗಿ 2021ರಲ್ಲಿ ಆಕೆಗೆ ಪುಲಿಟ್ಜರ್ ಮಂಡಳಿಯ ವಿಶೇಷ ಮನ್ನಣೆ ದೊರೆಯಿತು. ಅಲ್ಲಿ ಒಂದೊಂದು ನಿಮಿಷವೂ ಸಾಕ್ಷಿ. ಆದರೆ ಕತ್ತರಿಸದ ಮಾತ್ರಕ್ಕೆ ಆಯ್ಕೆ ತಪ್ಪುವುದಿಲ್ಲ. 1895ರಲ್ಲಿ ಫ್ರಾನ್ಸಿನ ಲ್ಯೂಮಿಯೇರ್ ಸಹೋದರರು ತಮ್ಮ ಕಾರ್ಖಾನೆಯಿಂದ ಕೆಲಸಗಾರರು ಹೊರಬರುವುದನ್ನು ಚಿತ್ರಿಸಿದರು. ಒಂದು ನಿಮಿಷವೂ ಇಲ್ಲದ ಆ ಚಿತ್ರದ ಮೂರು ಬೇರೆ ಬೇರೆ ಆವೃತ್ತಿಗಳು ಇಂದಿಗೂ ಉಳಿದಿವೆ. ಎಲ್ಲಿ ನಿಲ್ಲಬೇಕು, ಯಾವಾಗ ಆರಂಭಿಸಬೇಕು ಎಂಬುದನ್ನು ಅಲ್ಲಿಯೂ ಯಾರೋ ನಿರ್ಧರಿಸಿದ್ದಾರೆ.

ಆದ್ದರಿಂದ ಕತ್ತರಿಯನ್ನು ಬಿಸುಡುವಂತಿಲ್ಲ. ಪತ್ರಿಕೆಯ ವರದಿಗಾರನೂ ಕತ್ತರಿಸಿಯೇ ಬರೆಯುತ್ತಾನಲ್ಲ ಎನ್ನಬಹುದು. ನಿಜ. ಆದರೆ ಅಚ್ಚಿನ ವರದಿಯನ್ನು ಓದುವಾಗ ನಡುವೆ ಒಬ್ಬ ವರದಿಗಾರನಿದ್ದಾನೆಂಬುದು ನಮ್ಮ ನೆನಪಿನಲ್ಲಿರುತ್ತದೆ. ವಿಡಿಯೊದಲ್ಲಿ ಆಡಿದವರ ಮುಖವೇ, ಧ್ವನಿಯೇ ನಮ್ಮೆದುರು ಬರುತ್ತದೆ; ನಡುವಿನವನು ಮಾಯವಾಗುತ್ತಾನೆ. ಹೀಗೆ ಕಾಣದೆ ನಿಂತವನ ಹೊಣೆ ಹೆಚ್ಚಿನದು.

ನಾನು ಕೊಡುವ ಒರೆಗಲ್ಲು ಒಂದೇ. ಸಿದ್ಧವಾದ ಚಿತ್ರವನ್ನು, ಅದರಲ್ಲಿ ಮಾತನಾಡಿದವರ ಪಕ್ಕದಲ್ಲಿ ಕುಳಿತು ನೀವು ನೋಡಬಲ್ಲಿರಾ? ಅವರು ಮೆಚ್ಚಬೇಕೆಂದಿಲ್ಲ, ಲಂಚ ತೆಗೆದುಕೊಂಡ ಅಧಿಕಾರಿ ತನ್ನ ಚಿತ್ರವನ್ನು ಮೆಚ್ಚುವುದುಂಟೆ? ಆದರೆ ತಾನು ಹೇಳಿದ್ದು ಇದೇ ಎಂಬುದನ್ನು ಅವನೂ ಮನಸ್ಸಿನಲ್ಲಿ ಒಪ್ಪುವಂತಿರಬೇಕು. ಹೂ ಮಾರುವಾಕೆ ಒಪ್ಪುತ್ತಿದ್ದಳೆ? ತನ್ನ ಮಗಳ ಮಾತು ಎಲ್ಲಿ ಹೋಯಿತೆಂದು ಕೇಳುತ್ತಿದ್ದಳು.

ವಿದ್ಯಾರ್ಥಿನಿ ಆ ಮಾತನ್ನು ಮರಳಿ ಸೇರಿಸಿದಳು. ವರದಿಯ ಮೊನೆ ಕೊಂಚ ಮೊಂಡಾಯಿತೆಂಬುದನ್ನು ಒಪ್ಪುತ್ತೇನೆ. ನೋಡಿದವರ ಕಣ್ಣೂ ಅಷ್ಟಾಗಿ ಒದ್ದೆಯಾಗಲಿಲ್ಲ. ಆದರೆ ಬಡತನದ ಒಂದು ಉದಾಹರಣೆಯಾಗಿದ್ದಾಕೆ ತನ್ನ ದುಡಿಮೆಯ ಬಗ್ಗೆ ಅಭಿಮಾನವಿರುವ ತಾಯಿಯಾಗಿ ಕಂಡಳು. ನಮ್ಮ ಅನುಕಂಪಕ್ಕೆ ಒದಗಲೆಂದು ಒಬ್ಬರನ್ನು ಇರುವುದಕ್ಕಿಂತ ದೀನರನ್ನಾಗಿ ತೋರಿಸುವ ಹಕ್ಕು, ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಯಾವ ಕತ್ತರಿಗೂ ಇಲ್ಲ.