ನಿಕಲ್ಸನ್ನನ ಸೇತುವೆ, ಲಕ್ಕಮ್ಮನ ಅಕ್ಕಿ

ಲೋಕೋಪಯೋಗಿ ಇಲಾಖೆಯಲ್ಲಿ ಸೇತುವೆ, ಮೋರಿ ಕಟ್ಟಿಸಿಯೇ ಹೊಟ್ಟೆ ಹೊರೆದವನು ನಾನು. ‘ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’ ನೋಡಲು ಕೂತರೆ ನನ್ನ ಕಣ್ಣು ಮೊದಲು ಹೋಗುವುದು ಯುದ್ಧದ ಕಡೆಗಲ್ಲ, ನದಿಯ ತಳದ ಕಡೆಗೆ. ಜಪಾನಿ ಎಂಜಿನಿಯರು ಆರಿಸಿದ ಜಾಗದಲ್ಲಿ ಬರೀ ಕೆಸರು. ಊರಿದ ಕಂಬ ನಿಲ್ಲುವುದಿಲ್ಲ. ಸೆರೆಯಾಳಾದ ಬ್ರಿಟಿಷ್ ಕ್ಯಾಪ್ಟನ್ ರೀವ್ಸ್ ಅದನ್ನು ಕಂಡುಹಿಡಿದು, ಹೊಳೆಯ ಕೆಳಭಾಗದಲ್ಲಿ ಗಟ್ಟಿ ನೆಲವಿದೆ, ಜಾಗ ಬದಲಿಸಬೇಕು ಎನ್ನುತ್ತಾನೆ. ಆಮೇಲೆ ನಡೆಯುವ ಸಭೆ ನೋಡಬೇಕು. ಮೇಜಿನ ಈಚೆ ಕೈದಿಗಳ ಕರ್ನಲ್ ನಿಕಲ್ಸನ್, ಆಚೆ ಶಿಬಿರದ ಒಡೆಯ ಸೈಟೊ. ಸಭೆ ನಡೆಸುವವನು ಕೈದಿ. ಆಳಿಗೆ ದಿನಕ್ಕೆ ಇಷ್ಟು ಮಣ್ಣು ಎಂಬ ಲೆಕ್ಕವನ್ನು ಏರಿಸುವವನೂ ಕೈದಿಯೇ. ಸೈಟೊ ಪೆಚ್ಚಾಗಿ ಕೇಳುತ್ತಾನೆ.

ಡೇವಿಡ್ ಲೀನ್ 1957ರಲ್ಲಿ ತೆಗೆದ ಚಿತ್ರ. ಚಿತ್ರೀಕರಣ ಸಿಲೋನಿನ ಕಿತುಲ್ಗಲದಲ್ಲಿ. ನಿಕಲ್ಸನ್ನನ ಪಾತ್ರ ಅಲೆಕ್ ಗಿನ್ನೆಸ್‌ದು. ಅಧಿಕಾರಿಗಳು ಮೈಮುರಿದು ದುಡಿಯಬೇಕಿಲ್ಲ ಎಂಬ ಜಿನೀವಾ ನಿಯಮಕ್ಕೆ ಕಟ್ಟುಬಿದ್ದು ಅವನು ಉರಿಬಿಸಿಲಿನ ತಗಡಿನ ಗೂಡಿನಲ್ಲಿ ದಿನಗಟ್ಟಲೆ ಬೇಯುತ್ತಾನೆ, ಸೈಟೊನನ್ನು ಸೋಲಿಸಿ ಹೊರಗೆ ಬರುತ್ತಾನೆ. ಬಂದವನೇ ಶತ್ರುವಿನ ಸೇತುವೆಯನ್ನು ಶತ್ರುವಿಗಿಂತ ಚೆನ್ನಾಗಿ ಕಟ್ಟಲು ಟೊಂಕ ಕಟ್ಟುತ್ತಾನೆ. ದಂಡಿನವರ ಶಿಸ್ತು ಕೆಡಬಾರದು, ಕೆಲಸವಿಲ್ಲದ ಮನಸ್ಸು ಕೊಳೆಯುತ್ತದೆ ಎಂಬುದು ಅವನ ವಾದ. ಸುಳ್ಳೂ ಅಲ್ಲ.

ನಮ್ಮ ಬಡಾವಣೆಯಲ್ಲಿ ವಾರಕ್ಕೊಮ್ಮೆ ಗೀತೆಯ ಗೋಷ್ಠಿ ನಡೆಯುತ್ತದೆ. ಮೂರನೆಯ ಅಧ್ಯಾಯ ಓದುತ್ತಿದ್ದಾಗ ನಾನು ಈ ಕರ್ನಲ್ಲನನ್ನು ನಡುವೆ ತಂದಿಟ್ಟೆ: ಫಲದ ಆಸೆಯಿಲ್ಲದೆ, ಕೌಶಲದಿಂದ ಕೆಲಸ ಮಾಡಿದ ಈತ ಕರ್ಮಯೋಗಿಯೇ ಅಲ್ಲವೇ? ಸಂಸ್ಕೃತದ ಮೇಷ್ಟ್ರು ಬಿಡಲಿಲ್ಲ. “ಎಂಜಿನಿಯರೇ, ಕೊನೆಗೆ ಅವನು ಸೇತುವೆಗೆ ಹಲಗೆ ಹೊಡೆದನೋ ಇಲ್ಲವೋ? ಬ್ರಿಟಿಷ್ ಸೈನಿಕರು ಕಟ್ಟಿದ್ದು ಅಂತ? ಅದೇ ಫಲದಾಸೆ.” ನನಗೆ ನಗು ಬಂತು. ಎರಡು ಪೈಪಿನ ಮೋರಿಗೂ ಕರಿಕಲ್ಲಿನ ಮೇಲೆ ಬಂಗಾರದ ಅಕ್ಷರದಲ್ಲಿ ಶಾಸಕರಿಂದ ಹಿಡಿದು ಎಲ್ಲರ ಹೆಸರೂ ಬೀಳುವ ನಾಡು ನಮ್ಮದು. ಹಲಗೆ ಕಿತ್ತುಹಾಕೋಣ ಮೇಷ್ಟ್ರೇ, ಆಗ ಸರಿಹೋಯಿತೇ? ಸೇತುವೆ ಅಲ್ಲೇ ಇರುತ್ತದೆ, ರೈಲು ಅದರ ಮೇಲೆಯೇ ಹೋಗುತ್ತದೆ.

ಫಲದ ಮೋಹ ಬಿಡುವುದಕ್ಕೂ ಫಲ ಯಾರ ತಲೆಯ ಮೇಲೆ ಬೀಳುತ್ತದೆಂದು ವಿಚಾರಿಸದೆ ಇರುವುದಕ್ಕೂ ಅಜಗಜಾಂತರ. ಅರ್ಜುನ ಬಿಲ್ಲು ಕೆಳಗಿಟ್ಟು ಕೇಳಿದ. ಹದಿನೆಂಟು ಅಧ್ಯಾಯ ಹುಟ್ಟಿದ್ದೇ ಆ ಪ್ರಶ್ನೆಯಿಂದ. ನಿಕಲ್ಸನ್ ಕೇಳಲೇ ಇಲ್ಲ.

ಅವನ ಪರವಾಗಿ ಕೇಳಿದವನು ಶಿಬಿರದ ಡಾಕ್ಟರು ಮೇಜರ್ ಕ್ಲಿಪ್ಟನ್. ಇಷ್ಟು ಚೆನ್ನಾಗಿ ಕಟ್ಟುವುದು ದ್ರೋಹವಾಗದೇ ಎಂದು ಕೇಳಿದರೆ ಕರ್ನಲ್ ಮರುಪ್ರಶ್ನೆ ಎಸೆಯುತ್ತಾನೆ: ಸೈಟೊಗೆ ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದರೆ ನೀನು ಕೈಲಾದಷ್ಟು ಚೆನ್ನಾಗಿ ಮಾಡುತ್ತೀಯೋ, ಸಾಯಲು ಬಿಡುತ್ತೀಯೋ? ಜಾಣ ಉತ್ತರ. ಆದರೆ ಡಾಕ್ಟರ ಮುಂದೆ ರೋಗಿ ಮಲಗಿರುತ್ತಾನೆ. ಸೇತುವೆಯ ರೋಗಿ ಸೇತುವೆಯ ಹತ್ತಿರ ಇರುವುದಿಲ್ಲ, ಹಳಿ ಮುಗಿಯುವ ಕಡೆ ಇರುತ್ತಾನೆ.

ಆ ಹಳಿ ಬರ್ಮಾಕ್ಕೆ, ಅಲ್ಲಿನ ಜಪಾನಿ ಸೈನ್ಯಕ್ಕೆ. ಉದ್ಘಾಟನೆಯ ಹಿಂದಿನ ಸಂಜೆ ಸೇತುವೆಯ ಮೇಲೆ ನಿಂತು, ತನ್ನ ಸೈನಿಕ ಬದುಕನ್ನು ನೆನೆಯುತ್ತ, ತನಗೆ ಇಂಡಿಯಾ ಎಂದರೆ ಪ್ರೀತಿ ಎನ್ನುತ್ತಾನೆ ನಿಕಲ್ಸನ್. ಪುಣ್ಯಾತ್ಮ, ಆ ಇಂಡಿಯಾದ ಬಾಗಿಲಿಗೇ ಬರುವ ಸೈನ್ಯಕ್ಕೆ ದಾರಿ ಮಾಡಿಕೊಡುತ್ತಿದ್ದಾನೆ. ಹಾಗೆಂದು ದೇಶದ್ರೋಹದ ತಕ್ಕಡಿಯಲ್ಲಿ ಅವನನ್ನು ತೂಗಲು ನನಗೆ ಮನಸ್ಸಿಲ್ಲ. ಜಪಾನೀಯರು 1944ರಲ್ಲಿ ಇಂಫಾಲದತ್ತ ನುಗ್ಗಿದಾಗ ಜೊತೆಗೆ ನೇತಾಜಿಯ ಆಜಾದ್ ಹಿಂದ್ ಫೌಜೂ ಇತ್ತು. ಶತ್ರು ಯಾರು ಎಂಬುದಕ್ಕೆ ಗಿನ್ನೆಸ್‌ನ ಕರ್ನಲ್ಲನಲ್ಲಿ ಇದ್ದ ಉತ್ತರವೇ ನಮ್ಮ ಮನೆಗಳಲ್ಲಿ ಇರಲಿಲ್ಲ.

ಅವನ ಪಾಪ ನನಗೆ ಕಾಣುವುದು ಆಸ್ಪತ್ರೆಯ ಗುಡಿಸಲಿನಲ್ಲಿ. ಗಡುವು ಹತ್ತಿರ ಬಂದಿದೆ, ಆಳು ಸಾಲದು. ಅಧಿಕಾರಿಗಳು ಕೈಕೆಲಸ ಮಾಡಕೂಡದೆಂದು ಬೆಂದವನೇ ಈಗ ಅವರನ್ನೂ ಕೆಲಸಕ್ಕೆ ಕರೆದಿದ್ದಾನೆ. ಅದೂ ಸಾಲದೆ ರೋಗಿಗಳ ನಡುವೆ ಬರುತ್ತಾನೆ. ಬೈಗುಳವಿಲ್ಲ, ಬಲವಂತವಿಲ್ಲ, ಹಗುರ ಕೆಲಸ ಮಾಡಬಲ್ಲವರು ಯಾರಾದರೂ ಇದ್ದೀರಾ ಎಂದು ಮೆಲುದನಿಯಲ್ಲಿ ಕೇಳುತ್ತಾನೆ, ಅಷ್ಟೆ. ಡಾಕ್ಟರು ಬೇಡವೆನ್ನುತ್ತಿದ್ದರೂ ಅವರು ಏಳುತ್ತಾರೆ. ತಮಗಾಗಿ ಗೂಡಿನಲ್ಲಿ ಬೆಂದ ದೊರೆ ಕೇಳಿದ್ದಾನಲ್ಲ! ಸೈಟೊನ ಬೆತ್ತ ಎಬ್ಬಿಸಲಾಗದವರನ್ನು ನಿಕಲ್ಸನ್ನನ ಒಳ್ಳೆಯತನ ಎಬ್ಬಿಸುತ್ತದೆ. ಚಿತ್ರದ ಕೊನೆಯ ಸ್ಫೋಟಕ್ಕಿಂತ ನನ್ನನ್ನು ಅಲ್ಲಾಡಿಸುವುದು ಈ ದೃಶ್ಯ.

ಕಾಯಕವೆಂದರೆ ದುಡಿದಷ್ಟೂ ಪುಣ್ಯ ಎಂದುಕೊಂಡವರು ಆಯ್ದಕ್ಕಿ ಲಕ್ಕಮ್ಮನನ್ನು ಮರೆಯುತ್ತಾರೆ. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಗಂಡ ಚುರುಕಾದ ಎಂದು ಹಿಗ್ಗದೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು ಆಕೆ. ಕಾಯಕದ ಒಳಗೇ ಒಂದು ‘ಸಾಕು’ ಇದೆ. ಮಾಡುವವನಿಗೆ ಅದು ಕೇಳಿಸದು, ಪಕ್ಕದಲ್ಲಿದ್ದವರು ಹೇಳಬೇಕು. ಕ್ಲಿಪ್ಟನ್ ಹೇಳಿದ, ಮಾರಯ್ಯ ತಿರುಗಿ ಹೋದಂತೆ ನಿಕಲ್ಸನ್ ಹೋಗಲಿಲ್ಲ.

ಇದೆಲ್ಲ ಪಿಯೆರ್ ಬೂಲ್‌ನ ಕಾದಂಬರಿಯಿಂದ ಬಂದ ಕಲ್ಪನೆ. ನಿಜದ ಥಾಯ್‌ಲ್ಯಾಂಡ್–ಬರ್ಮಾ ರೈಲುಮಾರ್ಗ 415 ಕಿಲೋಮೀಟರು, 1943ರ ಅಕ್ಟೋಬರಿನಲ್ಲಿ ಮುಗಿಯಿತು. ಮಿತ್ರರಾಷ್ಟ್ರಗಳ ಸೆರೆಯಾಳುಗಳು 12,000ಕ್ಕೂ ಹೆಚ್ಚು ಮಂದಿ ಸತ್ತರು. ಅದರ ಹಲವು ಪಟ್ಟು ಸತ್ತವರು ಏಷ್ಯಾದ ಕೂಲಿಗಳು. ಮಲಯದ ರಬ್ಬರ್ ತೋಟಗಳಿಂದ ಒಯ್ದ ತಮಿಳರು ಅವರಲ್ಲಿ ಬಹಳ. ಅವರಿಗೆ ನಿಕಲ್ಸನ್ನೂ ಇರಲಿಲ್ಲ, ಕ್ಲಿಪ್ಟನ್ನೂ ಇರಲಿಲ್ಲ, ಚಿತ್ರದಲ್ಲಿ ಜಾಗವೂ ಸಿಗಲಿಲ್ಲ.

ನಿಜದ ಸೇತುವೆ ಕಟ್ಟಿದ ಸೆರೆಯಾಳುಗಳ ತಮರ್ಕನ್ ಶಿಬಿರದ ಹಿರಿಯ ಅಧಿಕಾರಿ ಫಿಲಿಪ್ ಟೂಸಿ ನಿಕಲ್ಸನ್ನನಂಥವನಲ್ಲ. ಕೈದಿಗಳನ್ನು ಬದುಕಿಸಿಕೊಳ್ಳುವುದೇ ಅವನ ಕಸುಬಾಗಿತ್ತು. ಮರದ ಸೇತುವೆಗೆ ಗೆದ್ದಲು ತಂದು ಬಿಟ್ಟರು, ಕಾಂಕ್ರೀಟನ್ನು ಬೇಕೆಂದೇ ಕೆಟ್ಟದಾಗಿ ಕಲೆಸಿದರು ಎನ್ನುತ್ತಾರೆ. ಇದನ್ನು ಹೇಳಿದ ದಿನ ಮೇಷ್ಟ್ರು ಕನ್ನಡಕ ತೆಗೆದು, “ನೀವಾಗಿದ್ದರೆ ಮಾಡುತ್ತಿದ್ದಿರಾ?” ಎಂದರು. ಗೆದ್ದಲನ್ನು ಸಂತೋಷವಾಗಿ ಬಿಡುತ್ತಿದ್ದೆ ಮೇಷ್ಟ್ರೇ ಎಂದೆ. ಕಾಂಕ್ರೀಟಿನ ಮಾತು ಮಾತ್ರ ನನ್ನನ್ನು ಕೇಳಬೇಡಿ.