ಮುಚ್ಚಿಟ್ಟ ತಟ್ಟೆ



ಯಲಹಂಕದ ಕಡೆ ಮನೆಭೇಟಿಗೆ ಹೋಗಿದ್ದಾಗ ಒಬ್ಬ ತಾಯಿ ಹೇಳಿದರು: "ಸ್ವಾಮಿ, ಹೆಬ್ಬಾಳದ ಟ್ರಾಫಿಕ್ ದಾಟಿ ಮಗ ಬರೋದು ರಾತ್ರಿ ಹತ್ತಕ್ಕೆ. ತಟ್ಟೆ ಮುಚ್ಚಿಟ್ಟು ಕಾಯ್ತೀನಿ. ಬಂದವನು ಫೋನು ನೋಡ್ತಾ ಉಂಡು ಮಲಗ್ತಾನೆ. ಒಂದು ಮಾತಿಲ್ಲ."

ಲೂಕನ ಶುಭಸಂದೇಶದ 24ನೇ ಅಧ್ಯಾಯವನ್ನು ತೆರೆದು ನೋಡಿ. ಎಮ್ಮಾವಿಗೆ ಹೊರಟ ಇಬ್ಬರು ಶಿಷ್ಯರೊಡನೆ ಪುನರುತ್ಥಾನರಾದ ಪ್ರಭು ದಾರಿಯುದ್ದಕ್ಕೂ ನಡೆದರು, ಪವಿತ್ರಗ್ರಂಥವನ್ನು ವಿವರಿಸಿದರು. ಆದರೂ ಅವರಿಗೆ ಗುರುತು ಹತ್ತಲಿಲ್ಲ. ಗುರುತು ಹತ್ತಿದ್ದು ಊಟಕ್ಕೆ ಕುಳಿತು ರೊಟ್ಟಿ ಮುರಿದಾಗ. ಮುಂದೆ ಹೋಗುವವರಂತಿದ್ದ ಪ್ರಭುವನ್ನು, ಸಂಜೆಯಾಯಿತೆಂದು ಒತ್ತಾಯಿಸಿ ಉಳಿಸಿಕೊಂಡವರು ಆ ಶಿಷ್ಯರೇ. ಅವರು ಕರೆಯದೇ ಇದ್ದಿದ್ದರೆ?

1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಕುಟುಂಬವನ್ನು ಮನೆಯೊಳಗಿನ ಧರ್ಮಸಭೆಯೆಂದು ಕಂಡಿತು. ಭಾನುವಾರ ಬಲಿಪೀಠದಲ್ಲಿ ಮುರಿಯುವ ರೊಟ್ಟಿಗೂ ಆ ತಾಯಿ ಮುಚ್ಚಿಟ್ಟ ತಟ್ಟೆಗೂ ನಂಟಿದೆ.

ದಾರಿಯಲ್ಲಿ ತಡವಾಗುವುದು ನಮ್ಮ ತಪ್ಪಲ್ಲ. ಮನೆಗೆ ಬಂದ ಮೇಲೂ ಬಾರದವರಂತಿರುವುದು ಮಾತ್ರ ನಮ್ಮದೇ ತಪ್ಪು. ಇಂದು ರಾತ್ರಿ ಹತ್ತಾದರೂ ಸರಿ, ಫೋನನ್ನು ಬದಿಗಿಡಿ. ಶಿಲುಬೆಯ ಗುರುತು ಹಾಕಿ, "ಅಮ್ಮಾ, ನಿಂದು ಊಟ ಆಯ್ತಾ?" ಎಂದು ಕೇಳಿ. ಬಹುಶಃ ಆಕೆಯೂ ಉಣ್ಣದೆ ಕಾದಿರುತ್ತಾಳೆ. ಜೊತೆಗೆ ಕುಳಿತು ಉಣ್ಣಿರಿ. ಆ ಪಂಕ್ತಿಯಲ್ಲಿ ಪ್ರಭುವೂ ಇರುವರು.