ಬಾರದವರ ಹಾಡು

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವವರ ಮಗನೂ ಅವನ ಬಾಲ್ಯದ ಗೆಳೆಯನೂ ಸೇರಿ ಒಂದು ವಾದ್ಯತಂಡ ಕಟ್ಟಿದ್ದಾರೆ. ಹಳೆಯದೊಂದು ಗಿಟಾರು, ಎರಡು ಬಣ್ಣದ ಡಬ್ಬಿ, ಒಂದು ಧ್ವನಿವರ್ಧಕ, ಬಂಡವಾಳ ಇಷ್ಟೇ. ಇದಕ್ಕೆ ಪಂಕ್ ಎನ್ನುತ್ತಾರಂತೆ. ಪಕ್ಕದ ಮನೆಯವರು ಬೇರೆ ಹೆಸರಿಟ್ಟಿದ್ದಾರೆ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಅವರ ದೂರು ಹೆಚ್ಚಿದಾಗ ಹುಡುಗರನ್ನು ಕರೆದು, "ಕಲಿತ ಮೇಲೆ ನುಡಿಸಬಾರದೇನಪ್ಪಾ?" ಎಂದೆ. "ಕಲಿತ ಮೇಲೆ ಅಂತ ಕೂತರೆ ನುಡಿಸೋದೇ ಇಲ್ಲ, ಸಾರ್" ಎಂದ ಒಬ್ಬ. ಉದ್ಧಟತನವೆನಿಸಿತು. ಆದರೂ ಅವರು ಹೇಳಿದ ವಾಷಿಂಗ್ಟನ್ನಿನ ಸಂಗತಿಯನ್ನು ಓದಿ ನೋಡಿದೆ.

1979ರಲ್ಲಿ ಅಲ್ಲಿ ಇಯಾನ್ ಮೆಕೇ, ಜೆಫ್ ನೆಲ್ಸನ್ ಎಂಬ ಶಾಲಾ ಸಹಪಾಠಿಗಳು ಇನ್ನಿಬ್ಬರೊಡನೆ 'ಟೀನ್ ಐಡಲ್ಸ್' ಎಂಬ ತಂಡ ಕಟ್ಟಿದರು. ರಾಕ್ ಸಂಗೀತ ಆ ವೇಳೆಗೆ ದೊಡ್ಡ ಕಂಪನಿಗಳ, ನುರಿತ ಕೈಗಳ ವ್ಯವಹಾರವಾಗಿತ್ತು. ಪಂಕ್ ಹುಡುಗರಿಗೆ ಮೂರು ಸ್ವರಮೇಳ ಬಂದರೆ ಸಾಕಾಗಿತ್ತು. 1980ರ ಕೊನೆಗೆ ತಂಡ ಒಡೆಯಿತು. ಕಚೇರಿಗಳಿಂದ ಕೂಡಿಟ್ಟದ್ದು ಸುಮಾರು 600 ಡಾಲರ್. ಹಂಚಿಕೊಂಡಿದ್ದರೆ ತಲೆಗೆ 150. ಹಂಚಿಕೊಳ್ಳಲಿಲ್ಲ, ತಮ್ಮ ಎಂಟು ಹಾಡುಗಳ ಚಿಕ್ಕ ಧ್ವನಿಮುದ್ರಿಕೆ ತೆಗೆದರು. ಅದರ ಹೊದಿಕೆಗಳನ್ನು ತಾವೇ ಕತ್ತರಿಸಿ, ಮಡಿಸಿ, ಅಂಟಿಸಿದರು. ಪ್ರಕಾಶನದ ಹೆಸರು 'ಡಿಸ್ಕಾರ್ಡ್', ನಮ್ಮ ಮಾತಿನಲ್ಲಿ ಅಪಸ್ವರ. ವಿಳಾಸ, ಮೆಕೇಯ ತಂದೆತಾಯಿಯ ಮನೆ.

ಮೆಕೇ ಮುಂದೆ ಹೆಸರಾದದ್ದರಿಂದ ಈ ಕತೆ ಉಳಿಯಿತು, ನಿಜ. ಆದರೆ ಹೊದಿಕೆ ಅಂಟಿಸುವಾಗ ತಂಡವೇ ಇರಲಿಲ್ಲವಲ್ಲ! ಇಲ್ಲದ ತಂಡಕ್ಕೆ ಯಾವ ಕೀರ್ತಿ?

ಬಾರದ್ದನ್ನು ಇನ್ನೊಬ್ಬರ ಕಿವಿಗೆ ಹಾಕುವ ಹಕ್ಕು ಯಾರಿಗಾದರೂ ಉಂಟೆ? ಸರಳೆ, ಜಂಟಿ, ಅಲಂಕಾರ ಎಂದು ವರ್ಷಗಟ್ಟಲೆ ತಿದ್ದಿಸಿಕೊಂಡವನು ನಾನು. ಆ ಶಿಸ್ತಿನ ಮೇಲಿನ ಗೌರವವನ್ನು ಇಂದಿಗೂ ಬಿಟ್ಟಿಲ್ಲ. ತಾಳಮಾನ ತನಗೆ ತಿಳಿಯದೆಂದು ಒಪ್ಪಿಕೊಂಡೇ ಹಾಡಿದವನು ಬಸವಣ್ಣ. ಅವನ ಹಾಡನ್ನು ಕೇಳುವವನು ಕೂಡಲಸಂಗಮದೇವ. ಪಕ್ಕದ ಮನೆಯವರಿಗೆ ಅಷ್ಟು ತಾಳ್ಮೆಯನ್ನು ವಿಧಿಸಲಾದೀತೆ? ಆದರೆ ಯೋಚಿಸಿದರೆ, ಅವರ ದೂರು ಸದ್ದಿನದು. ನಡುರಾತ್ರಿ ವಿದ್ವಾಂಸರೇ ತೋಡಿ ಆಲಾಪಿಸಿದರೂ ಅದು ನಿಲ್ಲುವ ದೂರೇ. ಸದ್ದಿಗೆ ಹೊತ್ತು ಗೊತ್ತುಮಾಡಬಹುದು. ಯೋಗ್ಯತೆಯ ಮಾತನ್ನು ತಂದವನು ನಾನೊಬ್ಬನೇ.

ಅದನ್ನು ಹಿಂದೊಮ್ಮೆಯೂ ತಂದಿದ್ದೆ. ನನಗೂ ಒಬ್ಬ ಬಾಲ್ಯದ ಗೆಳೆಯನಿದ್ದಾನೆ. ಅವರ ಮನೆಯ ಹಾರ್ಮೋನಿಯಂನಲ್ಲಿ ಎರಡು ಮನೆಗಳು ನುಡಿಯುತ್ತಿರಲಿಲ್ಲ. ಆ ಸ್ವರ ಬಂದಾಗ ಅವನು ಬಾಯಿಂದ ತುಂಬಿಸುತ್ತಿದ್ದ. ಜಗಲಿಯ ಮೇಲೆ ಎಷ್ಟೋ ಸಂಜೆ ಕಳೆದೆವು. ಒಂದು ಗಣೇಶನ ಹಬ್ಬದಲ್ಲಿ ಅವನು ಹಾಡಲು ಎದ್ದಾಗ, ಎಲ್ಲರೆದುರು, "ಇವನಿಗೆ ಶ್ರುತಿ ಸೇರೋದಿಲ್ಲ" ಎಂದುಬಿಟ್ಟೆ. ನಕ್ಕರು. ಅವನೂ ನಕ್ಕ. ನಾನಾಡಿದ್ದು ಸುಳ್ಳಲ್ಲ. ಸುಳ್ಳಾಗಿದ್ದರೆ ಅವನು ಇನ್ನೊಮ್ಮೆ ಹಾಡಿಯಾದರೂ ನನ್ನ ಬಾಯಿ ಮುಚ್ಚಿಸುತ್ತಿದ್ದನೇನೋ. ಮತ್ತೆ ಹಾಡಲಿಲ್ಲ. ಹೋದ ವರ್ಷ ಅವನ ಮಗಳ ಮದುವೆಯಲ್ಲಿ ಹೆಂಗಸರು ಆರತಿ ಹಾಡಿಗೆ ಒತ್ತಾಯಿಸಿದಾಗ ನನ್ನ ಕಡೆ ತಿರುಗಿ, "ನೀನೇ ಹಾಡಯ್ಯ, ನಿನಗೆ ಬರುತ್ತೆ" ಎಂದ. ಹಾಡಿದೆ. ಶ್ರುತಿ ಸೇರಿತು.

ಪಕ್ಕದ ಮನೆಯವರೊಡನೆ ಮಾತಾಡಿ ಸಂಜೆ ಆರರಿಂದ ಏಳು ಎಂದು ಗೊತ್ತುಮಾಡಿದ್ದೇನೆ. ನಿನ್ನೆ ಸರಿಯಾಗಿ ಆರಕ್ಕೆ ಶುರುವಾಯಿತು. ಗಿಟಾರಿನ ಒಂದು ತಂತಿ ಇಳಿದಿತ್ತು. ಹೇಳೋಣವೆಂದು ಮೆಟ್ಟಿಲ ತನಕ ಹೋದೆ. ಹಾಗೇ ಹಿಂದಿರುಗಿ ಬಂದು ಕುಳಿತೆ.